ನಮ್ಮ ಸೀಮೆಯ ನುಡಿಗಳೂ ಅವುಗಳ ವ್ಯಾಕರಣವೂ

ವ್ಯಾಕರಣವೆಂಬ ಹೆಸರನ್ನು ಕೇಳಿದ ಮಾತ್ರಕ್ಕೆ ಆಕಳಿಕೆ ಬರುವದೆಂದು ನಮ್ಮ ಪೂರ್ವವಿದ್ಯಾರ್ಥಿನಿಯರು ನಗುತ್ತ ಹೇಳುವದನ್ನು ನಾವು ಅನೇಕ ಸಾರಿ ಕೇಳಿದ್ದೇವೆ. ಸಂಧಿ ಸಮಾಸಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆಯಾದ ಮರುದಿನವೇ ಮರೆತವರೂ ಅವರಲ್ಲಿ ಇದ್ದಾರೆ. ಹೀಗಿದ್ದಾಗ್ಯೂ ಈ ಸ್ಮರಣ ಸಂಚಿಕೆಗೆ ಒಂದು ಪಾಠವನ್ನು ಬರೆದುಕೊಡಬೇಕೆಂದು ಕೇಳಿದಾಗ ನಾವು ವ್ಯಾಕರಣವನ್ನೇ ಆರಿಸಿಕೊಂಡೆವು. ಅದಕ್ಕೆ ಕಾರಣವಾದ ಒಂದು ಸಂಗತಿಯನ್ನು ಮೊದಲು ಹೇಳುವೆವು.

ಬಹಳ ವರುಷಗಳ ಹಿಂದೆ ನಾವು ಎಂಟನೆಯ ತರಗತಿಗೆ ಕನ್ನಡವನ್ನು ಕಲಿಸುತ್ತಿದ್ದಾಗ, ಸೇಡಮಿನ ಆಚೆಗೆ ಗಡಿಯ ಹಳ್ಳಿಯೊಂದರಿಂದ ಬಂದ ಹುಡುಗಿಯು ರಜೆಯ ಸುದ್ದಿಯನ್ನು ಹೇಳುತ್ತ, “ನಮ್ಮ ಅಕ್ಕ ಗಂಡನ ಮನಿಯಿಂದ ಬಂತು” ಎಂದಳು. ತರಗತಿಯೆಲ್ಲ ನಕ್ಕಿತು. “ಅಕ್ಕನೇನು ಆಕಳೇ, ಬಂತು ಅನ್ನಲಿಕ್ಕೆ?” ಎಂದು ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು. ನಾವೂ ನಗೆಯನ್ನು ತಡೆಯಲಾರದೆ, “ಅಕ್ಕ ಬಂದಳು” ಎಂದು ಹತ್ತು ಸಾರಿ ಬರೆದು ತರಬೇಕೆಂದು ಅವಳಿಗೆ ಹೇಳಿದೆವು. ಅವಳು ಬರೆದು ತಂದಳು, ಅಕ್ಷರವೊಂದೂ ತಪ್ಪಿರಲಿಲ್ಲ. ಆದರೆ ಆ ವರುಷ ಮುಗಿಯುವ ವರೆಗೆ ಅವಳು ಕೇಳಿದ ಪ್ರಶ್ನೆಗೆ ಹೌದು, ಇಲ್ಲ ಎಂಬುದರ ಹೊರತು ಬೇರೊಂದು ಮಾತನ್ನು ತರಗತಿಯಲ್ಲಿ ಆಡಲಿಲ್ಲ. ಆ ಹುಡುಗಿಯು ಅಜ್ಞಾನದಿಂದ ತಪ್ಪಿದವಳಲ್ಲ, ತಾಯಿಯ ನುಡಿಯ ವ್ಯಾಕರಣವನ್ನು ನಿಷ್ಠೆಯಿಂದ ಪಾಲಿಸಿದವಳು ಎಂಬುದು ನಮಗೆ ತಿಳಿದದ್ದು, ನಾವು ತೆಲುಗನ್ನು ಅಷ್ಟಿಷ್ಟು ಕಲಿತ ತರುವಾಯ. ಅಷ್ಟರಲ್ಲಿ ಅವಳು ಶಾಲೆಯನ್ನು ಬಿಟ್ಟು ಹೋಗಿದ್ದಳು.

ನಮ್ಮ ಶಾಲೆಗೆ ಮಕ್ಕಳು ಬರುವ ಸೀಮೆಯನ್ನು ಒಮ್ಮೆ ನೆನೆಯಿರಿ. ಸೇಡಂ, ಚಿಂಚೋಳಿ ತಾಲೂಕುಗಳು ತೆಲಂಗಾಣದ ಗಡಿಗೆ ಹತ್ತಿಕೊಂಡಿರುವವು. ಅಲ್ಲಿ ಕನ್ನಡವೂ ತೆಲುಗೂ ಒಂದೇ ಓಣಿಯಲ್ಲಿ ಕೇಳಬರುವವು. ಚಿಂಚೋಳಿಯ ಕಡೆಯ ತಾಂಡಾಗಳಲ್ಲಿ ಲಂಬಾಣಿಯು ಮನೆಯ ಮಾತು. ಚಿತ್ತಾಪುರ, ಶಹಾಬಾದಗಳ ಪೇಟೆಯಲ್ಲಿ ಉರ್ದು, ಅದೂ ನಮ್ಮ ದಖ್ಖಣದ ನೆಲದಲ್ಲಿಯೇ ಬೆಳೆದ ದಖನಿ ಉರ್ದು, ದಿನವೂ ಕಿವಿಗೆ ಬೀಳುವದು. ಮುಂಬಯಿಯಿಂದ ರಾಯಚೂರಿಗೆ ಹಾದುಹೋದ ಹಳಿಗೆ ೧೮೭೪ರಲ್ಲಿ ಸಿಕಂದರಾಬಾದಿನ ಹಳಿಯು ವಾಡಿಯಲ್ಲಿ ಬಂದು ಕೂಡಿತು; ರೇಲ್ವೆಯ ಕೆಲಸದ ನಿಮಿತ್ತವಾಗಿ ನಾನಾ ನುಡಿಗಳ ಮನೆತನಗಳು ಅಲ್ಲಿ ನೆಲಸಿದವು. ಶಹಾಬಾದದ ಕಲ್ಲಿನ ಗಣಿಗಳೂ ಸಿಮೆಂಟಿನ ಕಾರ್ಖಾನೆಯೂ ದೂರದ ಊರುಗಳಿಂದ ಕೆಲಸಗಾರರನ್ನು ಕರೆತಂದವು. ಇದಲ್ಲದೆ ೧೯೪೮ರ ವರೆಗೆ ಈ ಸೀಮೆಯು ನಿಜಾಮರ ರಾಜ್ಯದಲ್ಲಿದ್ದು, ಕಚೇರಿಯ ಭಾಷೆಯೂ ಉನ್ನತ ವಿದ್ಯೆಯ ಭಾಷೆಯೂ ಉರ್ದುವಾಗಿತ್ತು. ೧೯೧೮ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವಿನಲ್ಲಿಯೇ ಪಾಠ ಹೇಳುತ್ತಿತ್ತು. ೧೯೫೬ರಲ್ಲಿ ಕಲಬುರಗಿಯು ಮೈಸೂರು ರಾಜ್ಯವನ್ನು ಸೇರಿದ ಮೇಲೆ ಕನ್ನಡವು ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ತನ್ನ ಸ್ಥಾನವನ್ನು ಪಡೆಯಿತು. ಆದಕಾರಣ ನಮ್ಮಲ್ಲಿ ಒಂದು ಬೆಂಚಿನ ಮೇಲೆ ಕುಳಿತ ನಾಲ್ವರು ಹುಡುಗಿಯರು ನಾಲ್ಕು ವ್ಯಾಕರಣಗಳನ್ನು ತಲೆಯಲ್ಲಿಟ್ಟುಕೊಂಡು ಒಂದು ಕನ್ನಡ ಪಾಠವನ್ನು ಕೇಳುವದು ಆಶ್ಚರ್ಯದ ಮಾತಲ್ಲ.

ಲಿಂಗದ ವಿಚಾರ

ವಾಡಿಯ ಸ್ಟೇಶನ್ನಿನಲ್ಲಿ ಗಾಡಿಯೊಂದು ಬಂದು ನಿಂತಿತೆಂದು ತಿಳಿಯಿರಿ. ಕನ್ನಡದವಳು “ಗಾಡಿ ಬಂತು” ಎನ್ನುವಳು. ಉರ್ದುವಿನವಳು “ಗಾಡೀ ಆಯೀ” ಎನ್ನುವಳು. ಮರಾಠಿಯವಳು “ಗಾಡೀ ಆಲೀ” ಎನ್ನುವಳು. ತೆಲುಗಿನವಳು “ಬಂಡಿ ವಚ್ಚಿಂದಿ” ಎನ್ನುವಳು. ಗಾಡಿ ಒಂದೇ, ಆದರೆ ಅದು ಕನ್ನಡದಲ್ಲಿ ನಪುಂಸಕ, ಉರ್ದು ಮರಾಠಿಗಳಲ್ಲಿ ಸ್ತ್ರೀಲಿಂಗ. ಕನ್ನಡವು ಅರ್ಥವನ್ನು ನೋಡಿ ಲಿಂಗವನ್ನು ಕೊಡುವದು: ಗಂಡಸು, ಹೆಂಗಸು, ಉಳಿದದ್ದೆಲ್ಲ ಎಂದು ಮೂರು ಪಾಲು. ಉರ್ದುವಿನಲ್ಲಿ ಎರಡೇ ಪಾಲುಗಳಿರುವದರಿಂದ ಜೀವವಿಲ್ಲದ ವಸ್ತುವೂ ಗಂಡೋ ಹೆಣ್ಣೋ ಆಗಲೇಬೇಕು: ದರ್ವಾಜಾ ಗಂಡು, ಕಿತಾಬ್ ಹೆಣ್ಣು. ಮರಾಠಿಯಲ್ಲಿ ಮೂರು ಪಾಲುಗಳಿದ್ದರೂ ಅವು ಅರ್ಥಕ್ಕೆ ಕಟ್ಟುಬಿದ್ದಿಲ್ಲ: ದರವಾಜಾ ಪುಲ್ಲಿಂಗ, ಖುರ್ಚೀ ಸ್ತ್ರೀಲಿಂಗ, ಘರ್ ನಪುಂಸಕ.

ತೆಲುಗಿನ ಕ್ರಮವು ಬೇರೆ. ಅದರಲ್ಲಿ ಒಬ್ಬ ಗಂಡಸು ಬಂದರೆ “ವಚ್ಚಾಡು”. ಆಕಳು ಬಂದರೆ “ವಚ್ಚಿಂದಿ”. ಅಕ್ಕ ಬಂದರೂ “ವಚ್ಚಿಂದಿ”. ಏಕವಚನದಲ್ಲಿ ಹೆಂಗಸಿನ ಕ್ರಿಯಾಪದವೂ ಪ್ರಾಣಿವಸ್ತುಗಳ ಕ್ರಿಯಾಪದವೂ ಒಂದೇ ರೂಪ. ಬಹುವಚನಕ್ಕೆ ಬಂದೊಡನೆ ಹೆಂಗಸರು ಗಂಡಸರ ಸಾಲನ್ನು ಸೇರುವರು: ಅಕ್ಕಂದಿರು “ವಚ್ಚಾರು”, ಆಕಳುಗಳು “ವಚ್ಚಾಯಿ”. ಇದರಿಂದ ತೆಲುಗರು ಹೆಣ್ಣುಮಕ್ಕಳನ್ನು ಆಕಳಿಗೆ ಸಮಾನರೆಂದು ಬಗೆದರೆಂದು ಹೇಳುವದು ಮೂಢತನ. ವ್ಯಾಕರಣದ ಪಾಲುಗಾರಿಕೆಯೇ ಬೇರೆ, ಮನಸ್ಸಿನ ಮರ್ಯಾದೆಯೇ ಬೇರೆ. ಹಿರಿಯಳಿಗೆ ಗೌರವ ತೋರಿಸಬೇಕಾದಲ್ಲಿ ಒಬ್ಬಳಿಗೂ “ವಚ್ಚಾರು” ಎನ್ನುವದು ತೆಲುಗಿನಲ್ಲಿಯೂ ಉಂಟು. ನಮ್ಮ ಹುಡುಗಿಯು “ಅಕ್ಕ ಬಂತು” ಎಂದದ್ದು ಈ ನಿಯಮದ ಪ್ರಕಾರ. ಅವಳನ್ನು ನಕ್ಕ ಕನ್ನಡದ ಹುಡುಗಿಯು ಅದೇ ಸಾಯಂಕಾಲ ವಾಡಿಯ ಸ್ಟೇಶನ್ನಿಗೆ ಹೋಗಿ “ಗಾಡೀ ಆಯಾ” ಎಂದಿದ್ದರೆ ಉರ್ದುವಿನವರೆಲ್ಲರೂ ಅವಳನ್ನು ನಗುತ್ತಿದ್ದರು. ಇಬ್ಬರ ತಪ್ಪೂ ಒಂದೇ ಬಗೆಯದು.

ನಾವು ಎಂಬ ಮಾತು

ಮನೆಗೆ ಬಂದ ನೆಂಟರ ಮುಂದೆ ಯಜಮಾನನು, “ನಾಳೆ ನಾವು ಕಲಬುರಗಿಗೆ ಹೋಗುತ್ತೇವೆ” ಎಂದನೆಂದು ಭಾವಿಸಿರಿ. ನೆಂಟರು ತಾವೂ ಹೊರಡಬೇಕೋ, ಮನೆಯಲ್ಲಿಯೇ ಉಳಿಯಬೇಕೋ? ಕನ್ನಡದ “ನಾವು” ಇದನ್ನು ತಿಳಿಸಲಾರದು. ಉರ್ದುವಿನ “ಹಮ್” ಕೂಡ ತಿಳಿಸಲಾರದು. ಇಂಗ್ಲಿಷಿನಲ್ಲಿಯೂ ಇದೇ ಪಾಡು. ಆದರೆ ತೆಲುಗಿನಲ್ಲಿ ಸಂಶಯಕ್ಕೆ ಎಡೆಯಿಲ್ಲ. ಕೇಳುವವನನ್ನು ಬಿಟ್ಟು ಹೇಳುವಾಗ “ಮೇಮು”, ಅವನನ್ನೂ ಕೂಡಿಸಿಕೊಂಡು ಹೇಳುವಾಗ “ಮನಮು”. ಮರಾಠಿಯಲ್ಲಿ “ಆಮ್ಹೀ” ಎಂದರೆ ಕೇಳುವವನ ಹೊರತಾದ ನಾವು, “ಆಪಣ್” ಎಂದರೆ ಅವನೂ ಸೇರಿದ ನಾವು. ತುಳುವಿನಲ್ಲಿ ಇವು “ಎಂಕುಲು” ಮತ್ತು “ನಮ”. ಕನ್ನಡದೊಳಗೇ ಹವ್ಯಕರ ಮಾತಿನಲ್ಲಿ “ಎಂಗೊ”, “ನಾವು” ಎಂಬ ಭೇದವು ಇಂದಿಗೂ ಜೀವಂತವಾಗಿದೆ. ಹೀಗೆ ಒಂದು ನುಡಿಯು ಬಿಟ್ಟುಕೊಟ್ಟದ್ದನ್ನು ನೆರೆಯ ನುಡಿಯು ಜೋಪಾನ ಮಾಡಿಕೊಂಡಿರುವದು. ತೆಲುಗಿನ ಮನೆಯ ಹುಡುಗಿಗೆ ನಮ್ಮ “ನಾವು” ಬಡಕಲಾದ ಮಾತೆಂದು ತೋರಿದರೆ ಅದು ಅವಳ ತಪ್ಪಲ್ಲ.

ಇಲ್ಲ, ಅಲ್ಲ, ಬೇಡ

ಕನ್ನಡವೂ ಜೋಪಾನ ಮಾಡಿದ್ದು ಬಹಳವಿದೆ. ವಸ್ತುವು ಇರುವದಿಲ್ಲವಾದರೆ “ಇಲ್ಲ”. ಅದು ನೀನೆಂದ ವಸ್ತುವಾಗಿರದಿದ್ದರೆ “ಅಲ್ಲ”. ನಮಗೆ ಅದರ ಇಚ್ಛೆಯಿಲ್ಲದಿದ್ದರೆ “ಬೇಡ”. ತೆಲುಗು ಇದೇ ಕಟ್ಟಿನಲ್ಲಿ “ಲೇದು, ಕಾದು, ವದ್ದು” ಎನ್ನುವದು. ಮರಾಠಿಯು “ನಾಹೀ, ನವ್ಹೇ, ನಕೋ” ಎನ್ನುವದು. ಉರ್ದುವಿನ “ನಹೀಂ” ಮಾತ್ರ ಇಲ್ಲ, ಅಲ್ಲ ಎಂಬೆರಡರ ಹೊರೆಯನ್ನೂ ಒಂಟಿಯಾಗಿ ಹೊರುವದು. ಆದಕಾರಣ ಉರ್ದುವಿನ ಮನೆಯ ಹುಡುಗಿಯು “ಇವಳು ನನ್ನ ತಂಗಿ ಇಲ್ಲ” ಎಂದು ಬರೆದರೆ, ತಂಗಿಯು ಕಳೆದುಹೋದಳೆಂದು ನಾವು ಗಾಬರಿಗೊಳ್ಳಬೇಕಾಗಿಲ್ಲ. ದಖನಿಯವರು ಮರಾಠಿಯ “ನಕೋ” ಎಂಬುದನ್ನು ತೆಗೆದುಕೊಂಡು “ನಕ್ಕೋ” ಎಂದು ತಮ್ಮದನ್ನಾಗಿ ಮಾಡಿಕೊಂಡರು. ದಿಲ್ಲಿಯ ಉರ್ದುವಿನಲ್ಲಿ ಇಲ್ಲದ ಈ ಮಾತು ಶಹಾಬಾದದ ಸಂತೆಯಲ್ಲಿ ಮಕ್ಕಳ ಬಾಯಲ್ಲಿಯೂ ಇದೆ.

ನಮ್ಮ ಹಳೆಯ ಬರವಣಿಗೆಯ “ನೋಡೆನು” ಎಂಬ ರೂಪವನ್ನು ಪರೀಕ್ಷಿಸಿರಿ. “ನೋಡಿದೆನು”, “ನೋಡುವೆನು” ಎಂಬವುಗಳಿಂದ ಕಾಲವನ್ನು ತಿಳಿಸುವ ನಡುವಿನ ಭಾಗವನ್ನು ತೆಗೆದುಬಿಟ್ಟರೆ “ನೋಡೆನು” ಉಳಿಯುವದು. ಅದರ ಅರ್ಥವು ನಿಷೇಧ. ಇಲ್ಲವೆಂಬ ಶಬ್ದವೇ ಇಲ್ಲದೆ ಇಲ್ಲವೆಂಬ ಅರ್ಥವು ಹುಟ್ಟುವದು! ನಮ್ಮ ಕಡೆಯ ಅಜ್ಜಿಯರು ಉಣಲಿಕ್ಕೆ ಕರೆದಾಗ “ಒಲ್ಲೆ” ಎನ್ನುವದು ಇದೇ ಜಾತಿಯ ಮಾತು.

ನಿನ್ನೆ, ನಾಳೆ ಮತ್ತು ಕೇಳಿದ ಸುದ್ದಿ

ಉರ್ದುವನ್ನು ಹೊಸದಾಗಿ ಕಲಿಯುವ ಕನ್ನಡದ ಹುಡುಗಿಯು “ಕಲ್” ಎಂಬ ಪದದ ಎದುರಿಗೆ ಬಂದು ಬೆರಗಾಗಿ ನಿಲ್ಲುವಳು. ಅದಕ್ಕೆ ನಿನ್ನೆಯೆಂತಲೂ ಅರ್ಥ, ನಾಳೆಯೆಂತಲೂ ಅರ್ಥ. ಹಾಗಾದರೆ ಅವರು ಹೇಗೆ ತಿಳಿದುಕೊಳ್ಳುವರು? ಕ್ರಿಯಾಪದವು ತಿಳಿಸುವದು: “ಕಲ್ ಆಯೀ” ಎಂದರೆ ನಿನ್ನೆ ಬಂದಳು, “ಕಲ್ ಆಯೇಗೀ” ಎಂದರೆ ನಾಳೆ ಬರುವಳು. ಚೀನೀ ನುಡಿಯಲ್ಲಿ ಇದಕ್ಕೆ ತಿರುಗಿಮುರುಗಾಗಿದೆ. ಅಲ್ಲಿ ಕ್ರಿಯಾಪದವು ಕಾಲಕ್ಕೆ ತಕ್ಕಂತೆ ರೂಪವನ್ನು ಬದಲಿಸುವದಿಲ್ಲ, ನಿನ್ನೆ ನಾಳೆಗಳೆಂಬ ಪದಗಳೇ ಆ ಕೆಲಸವನ್ನು ಮಾಡುವವು.

ತುರ್ಕಿ ನುಡಿಯಲ್ಲಿ “ಗೆಲ್ದಿ” ಎಂದರೆ ಬಂದನು, ನಾನು ಬಲ್ಲೆನು; “ಗೆಲ್ಮಿಶ್” ಎಂದರೆ ಬಂದನಂತೆ, ನಾನು ಕೇಳಿದ್ದು ಅಥವಾ ಗುರುತಿನಿಂದ ಊಹಿಸಿದ್ದು. ಹೇಳುವವನು ತನ್ನ ಸಾಕ್ಷ್ಯವು ಎಂಥದೆಂಬುದನ್ನು ಕ್ರಿಯಾಪದದಲ್ಲಿಯೇ ತೋರಿಸಬೇಕು. ಇದು ವಿಚಿತ್ರವೆಂದು ತೋರಿದರೆ ನಮ್ಮ “ಅಂತೆ” ಎಂಬುದನ್ನು ನೆನೆಯಿರಿ. “ಅವರ ಮನೆಯಲ್ಲಿ ಮದುವೆಯಂತೆ” ಎಂದು ಬಾವಿಯ ಕಟ್ಟೆಯಲ್ಲಿ ಹೇಳಿದವಳು ಸುದ್ದಿಯನ್ನು ಕೊಟ್ಟಳು, ಅದರ ಹೊಣೆಯನ್ನು ಹೊರಲಿಲ್ಲ. ತುರ್ಕಿಯ ಸೂಕ್ಷ್ಮವೂ ನಮ್ಮ ಬಾವಿಕಟ್ಟೆಯ ಸೂಕ್ಷ್ಮವೂ ಬಹಳ ದೂರದವುಗಳಲ್ಲ.

ಒಂದು ಪುಸ್ತಕದ ಪ್ರಯಾಣ

ಒಂದು ಪದವು ಅನೇಕ ದೇಶಗಳಿಗೆ ಹೋದಾಗ ಆಯಾ ದೇಶದ ವ್ಯಾಕರಣವು ಅದಕ್ಕೆ ಹೇಗೆ ಉಡಿಗೆ ತೊಡಿಸುವದೆಂಬುದನ್ನು “ಕಿತಾಬ್” ಎಂಬುದರಲ್ಲಿ ನೋಡಬಹುದು. ಇದು ಮೂಲತಃ ಅರಬ್ಬಿಯ ಪದ. ಅರಬ್ಬಿಯಲ್ಲಿ ಕ, ತ, ಬ ಎಂಬ ಮೂರು ವ್ಯಂಜನಗಳೇ ಬೇರು. ಅವುಗಳ ನಡುವೆ ಸ್ವರಗಳನ್ನು ಬದಲಿಸಿ ಪದಗಳನ್ನು ಹುಟ್ಟಿಸುವರು. ಬರೆಯುವವನು ಕಾತಿಬ್, ಕಲಿಯುವ ಸ್ಥಳವು ಮಕ್ತಬ್, ಪುಸ್ತಕವು ಕಿತಾಬ್, ಪುಸ್ತಕಗಳು ಕುತುಬ್. ಗ್ರಂಥಾಲಯಕ್ಕೆ ಹಿರಿಯರು “ಕುತುಬಖಾನಾ” ಎನ್ನುತ್ತಿದ್ದದ್ದು ಇದರಿಂದಲೇ. ಆದರೆ ಉರ್ದುವಿನಲ್ಲಿ ಸಾಮಾನ್ಯವಾಗಿ ಬಹುವಚನವು “ಕಿತಾಬೇಂ”, ನಮ್ಮ ದಖನಿಯಲ್ಲಿ “ಕಿತಾಬಾಂ”, ತುರ್ಕಿಯಲ್ಲಿ “ಕಿತಾಪ್ಲರ್”.

ಆಫ್ರಿಕಾ ಖಂಡದ ಮೂಡಣ ಕರಾವಳಿಯ ಸ್ವಾಹಿಲಿ ನುಡಿಯಲ್ಲಿ ಈ ಪದಕ್ಕೆ ಒದಗಿದ ಗತಿಯು ಅತ್ಯಂತ ಸ್ವಾರಸ್ಯವಾದದ್ದು. ಆ ನುಡಿಯಲ್ಲಿ ನಾಮಪದಗಳು ಗಂಡು ಹೆಣ್ಣೆಂಬ ಲಿಂಗಗಳಿಂದಲ್ಲ, ಹತ್ತಕ್ಕೂ ಮಿಕ್ಕಿದ ವರ್ಗಗಳಿಂದ ವಿಂಗಡವಾಗುವವು. ವರ್ಗದ ಗುರುತು ಪದದ ಮೊದಲಿಗೆ ನಿಲ್ಲುವದು. “ಕಿ” ಎಂಬುದು ಒಂದು ವರ್ಗದ ಏಕವಚನದ ಗುರುತು, “ವಿ” ಅದರ ಬಹುವಚನ. ಅರಬ್ಬರಿಂದ ಬಂದ “ಕಿತಾಬು” ಎಂಬುದರ ಮೊದಲಿನ “ಕಿ” ತಮ್ಮ ಗುರುತೇ ಎಂದು ಸ್ವಾಹಿಲಿಯವರು ತಿಳಿದರು. ಹೀಗಾಗಿ ಅನೇಕ ಪುಸ್ತಕಗಳಿಗೆ “ವಿತಾಬು” ಎಂದರು. ಅರಬ್ಬಿಯ ಪಂಡಿತನಿಗೆ ಇದು ತಪ್ಪು. ಸ್ವಾಹಿಲಿಯಲ್ಲಿ ಇದೇ ಶುದ್ಧ. ನಮ್ಮ “ಅಕ್ಕ ಬಂತು” ಎಂಬುದೂ ಇದೇ ಬುದ್ಧಿಯ ಕೆಲಸ: ಹೊಸ ನುಡಿಯನ್ನು ಬಲ್ಲ ನುಡಿಯ ಕಟ್ಟಿನಿಂದ ತಿಳಿದುಕೊಳ್ಳುವದು.

ಬಳಗವೂ ನೆರೆಯೂ

ನುಡಿಗಳಿಗೂ ಮನುಷ್ಯರಂತೆ ರಕ್ತಸಂಬಂಧವಿದೆ, ನೆರೆಹೊರೆಯೂ ಇದೆ. ೧೭೮೬ರಲ್ಲಿ ಕಲಕತ್ತೆಯಲ್ಲಿ ಸರ್ ವಿಲಿಯಂ ಜೋನ್ಸ್ ಅವರು ಸಂಸ್ಕೃತ, ಗ್ರೀಕ್, ಲ್ಯಾಟಿನ್ ನುಡಿಗಳು ಒಂದೇ ಮೂಲದಿಂದ ಬಂದಿರಬೇಕೆಂದು ಹೇಳಿದರು. ತೆಲುಗು, ಕನ್ನಡ, ತಮಿಳುಗಳು ಬೇರೊಂದು ಮನೆತನದವೆಂದು ೧೮೧೬ರಲ್ಲಿ ಎಲ್ಲಿಸ್ ಅವರು ತೋರಿಸಿದರು. ೧೮೫೬ರಲ್ಲಿ ಪಾದ್ರಿಗಳಾದ ಕಾಲ್ಡ್‌ವೆಲ್ ಅವರು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದರು. ಈ ಲೆಕ್ಕದಿಂದ ಕನ್ನಡ ತೆಲುಗುಗಳು ಅಕ್ಕತಂಗಿಯರು. ಉರ್ದು, ಮರಾಠಿಗಳೂ, ರಾಜಸ್ಥಾನದ ನುಡಿಗಳಿಗೆ ಹತ್ತಿರವಾದ ಲಂಬಾಣಿಯೂ ಮತ್ತೊಂದು ಬಳಗದವು. ಇಂಗ್ಲಿಷು ಆ ಬಳಗದ ದೂರದ ದಾಯಾದಿ.

ಆದರೆ ವಾಕ್ಯವನ್ನು ಕಟ್ಟುವಲ್ಲಿ ನೆರೆಹೊರೆಯ ಪ್ರಭಾವವು ಬಹಳ. “ಅಕ್ಕ ಬರುತ್ತಾಳೆಂದು ಹೇಳಿದಳು” ಎಂಬಲ್ಲಿ “ಎಂದು” ಎಂಬುದು ಅನ್ನುವದೆಂಬ ಧಾತುವಿನಿಂದ ಬಂದದ್ದು. ತೆಲುಗಿನಲ್ಲಿ ಇದರ ಸ್ಥಾನದಲ್ಲಿ “ಅನಿ” ಬರುವದು. ದಿಲ್ಲಿಯ ಉರ್ದುವಿನಲ್ಲಿ ಮೊದಲು “ಉಸ್ ನೇ ಕಹಾ” ಎಂದು ಹೇಳಿ, “ಕಿ” ಎಂಬುದನ್ನಿಟ್ಟು ಸುದ್ದಿಯನ್ನು ತರುವಾಯ ಹೇಳುವರು. ನಮ್ಮ ದಖನಿಯವರೋ ಸುದ್ದಿಯನ್ನು ಮೊದಲು ಹೇಳಿ “ಬೋಲ್ಕೆ” ಎಂದು ಮುಗಿಸುವರು. ಅಂದರೆ ಉರ್ದುವಿನ ಪದದಿಂದ ಕನ್ನಡ ತೆಲುಗುಗಳ “ಎಂದು, ಅನಿ”ಗಳನ್ನು ಮಾಡಿಕೊಂಡರು. ಪದವು ಅವರದು, ಕಟ್ಟು ನಮ್ಮ ನೆಲದ್ದು.

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಕುಪವಾಡವೆಂಬ ಊರಿನಲ್ಲಿ ಕನ್ನಡ, ಮರಾಠಿ, ಉರ್ದುಗಳು ಶತಮಾನಗಳಿಂದ ಜೊತೆಯಾಗಿ ಬಾಳಿವೆ. ಅದನ್ನು ಪರೀಕ್ಷಿಸಿದ ಗಂಪರ್ಜ್, ವಿಲ್ಸನ್ ಎಂಬ ವಿದ್ವಾಂಸರು ೧೯೭೧ರಲ್ಲಿ ಬರೆದದ್ದೇನೆಂದರೆ: ಅಲ್ಲಿ ಮೂರು ನುಡಿಗಳ ಶಬ್ದಗಳು ಬೇರೆಯಾಗಿಯೇ ಉಳಿದಿದ್ದರೂ ವಾಕ್ಯದ ಕಟ್ಟು ಬಹುಮಟ್ಟಿಗೆ ಒಂದೇ ಆಗಿದೆ, ಗಾಡಿ, ಮನೆ ಮುಂತಾದವುಗಳಿಗೆ ಗಂಡು ಹೆಣ್ಣೆಂದು ಭೇದ ಮಾಡುವದನ್ನು ಅಲ್ಲಿಯ ಮರಾಠಿ ಉರ್ದುಗಳು ಕನ್ನಡದ ಸಂಗಡ ಇದ್ದು ಬಿಟ್ಟುಕೊಟ್ಟಿವೆ. ಮನೆಯಲ್ಲಿ ತನ್ನ ನುಡಿಯನ್ನು ಬಿಡದೆ, ಹೊಲದಲ್ಲಿ ನೆರೆಯವನ ಸಂಗಡ ದುಡಿಯುತ್ತ ಬಂದ ಜನರು ಯಾವ ಶಾಲೆಯ ಸಹಾಯವೂ ಇಲ್ಲದೆ ಮಾಡಿದ ಕೆಲಸವಿದು.

ಊರ ಮಾತಿಗೆ ವ್ಯಾಕರಣವಿಲ್ಲವೇ?

ನಮ್ಮ ಹುಡುಗಿಯರಲ್ಲಿ ಅನೇಕರು, “ನಮ್ಮ ಮನೆಯ ಮಾತು ಒರಟು, ಅದಕ್ಕೆ ವ್ಯಾಕರಣವಿಲ್ಲ” ಎಂದು ನಾಚುವರು. ಲಂಬಾಣಿಯ ಮಕ್ಕಳು ತಮ್ಮ ನುಡಿಗೆ ಲಿಪಿಯಿಲ್ಲವೆಂದು ನಾಚುವರು. ಲಿಪಿಯು ಉಡಿಗೆಯೇ ಹೊರತು ಜೀವವಲ್ಲ. ಆ ನುಡಿಯನ್ನು ನಮ್ಮಲ್ಲಿ ಕನ್ನಡ ಅಕ್ಷರಗಳಲ್ಲಿಯೂ ಮಹಾರಾಷ್ಟ್ರದಲ್ಲಿ ನಾಗರಿಯಲ್ಲಿಯೂ ಬರೆಯುವರು. ತಾಯಿಯನ್ನು “ಯಾಡಿ” ಎಂದು ಕರೆಯುವ ಮಗುವು ನಾಲ್ಕು ವರುಷ ತುಂಬುವದರೊಳಗೆ ಸಾವಿರ ನಿಯಮಗಳನ್ನು ಯಾರೂ ಹೇಳಿಕೊಡದೆ ಕಲಿತಿರುವದು. ಇನ್ನು ನಮ್ಮ ಕಡೆಯ ಕನ್ನಡದ “ಬರ್ಲಾಕತ್ತಾಳ” ಎಂಬುದನ್ನು ನೋಡಿರಿ. ಪುಸ್ತಕದಲ್ಲಿ “ಬರುತ್ತಿದ್ದಾಳೆ” ಎಂದಿರುವದು. ಊರ ಮಾತಿನಲ್ಲಿ “ಬರಲಿಕ್ಕೆ” ಎಂಬುದಕ್ಕೆ “ಹತ್ತು” ಎಂಬ ಧಾತುವು ಕೂಡಿದೆ. ಹತ್ತುವದೆಂದರೆ ಅಂಟಿಕೊಳ್ಳುವದು. ಉರ್ದುವಿನ “ಆನೇ ಲಗೀ”, ಮರಾಠಿಯ “ಯೇವೂ ಲಾಗಲೀ” ಎಂಬವುಗಳಲ್ಲಿಯೂ ಅಂಟುವದೆಂಬ ಅರ್ಥದ ಧಾತುವೇ ತೊಡಗುವದೆಂಬ ಅರ್ಥವನ್ನು ಕೊಡುವದು. ಇಷ್ಟು ನಿಯಮಬದ್ಧವಾದದ್ದನ್ನು ವ್ಯಾಕರಣವಿಲ್ಲದ ಮಾತೆಂದು ಹೇಗೆ ಕರೆಯೋಣ?

ಈ ವಿಚಾರವು ನಮ್ಮ ಸೀಮೆಗೆ ಹೊಸದಲ್ಲ. ಸೇಡಂ ತಾಲೂಕಿನ ಕಾಗಿಣಾ ನದಿಯ ದಡದ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಕ್ರಿ. ಶ. ಒಂಭತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯನು ರಚಿಸಿದ ಕವಿರಾಜಮಾರ್ಗವು ಈಗ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಎಲ್ಲಕ್ಕೂ ಹಳೆಯದು. ಅದರಲ್ಲಿ ಕನ್ನಡವು ಒಂದಲ್ಲ, ಅನೇಕವೆಂದು ಎಣಿಸಲಾಗಿದೆ. ನಾಡಿನ ಬಳಕೆಗಳು ಊರೂರಿಗೆ ಬೇರೆಯಾಗಿರುವದರಿಂದ ಸಾವಿರ ನಾಲಿಗೆಯ ವಾಸುಕಿಯೂ ಅವುಗಳ ದೋಷವಿಷ್ಟೆಂದು ನಿರ್ಣಯಿಸಲಾರದೆ ಬೇಸತ್ತಾನೆಂಬ ಅಭಿಪ್ರಾಯವು ಅಲ್ಲಿದೆ. ಅದೇ ಅರಸನ ಕಾಲದಲ್ಲಿ ಶಾಕಟಾಯನನು ಸಂಸ್ಕೃತಕ್ಕೆ ವ್ಯಾಕರಣವನ್ನು ಬರೆದು ಅದರ ವೃತ್ತಿಗೆ ಅಮೋಘವೃತ್ತಿಯೆಂದು ಹೆಸರಿಟ್ಟನು. ಮುಂದಿನ ಶತಮಾನದಲ್ಲಿ ಪುಷ್ಪದಂತನು ಅದೇ ಮಾನ್ಯಖೇಟದಲ್ಲಿ ಅಪಭ್ರಂಶ ಭಾಷೆಯಲ್ಲಿ ಮಹಾಪುರಾಣವನ್ನು ಬರೆದನು. ಸಾವಿರ ವರುಷಗಳ ಹಿಂದೆಯೇ ಮೂರು ನುಡಿಗಳನ್ನು ಒಂದೇ ಊರಿನಲ್ಲಿ ಆದರಿಸಿದ ನೆಲ ನಮ್ಮದು.

ತಾಯಿತಂದೆಗಳಿಗೆ ಎರಡು ಮಾತು

ಹಾಗಾದರೆ ತಪ್ಪನ್ನು ತಿದ್ದಬಾರದೇ ಎಂದು ತಾಯಿತಂದೆಗಳು ಕೇಳಬಹುದು. ತಿದ್ದಲೇಬೇಕು. ಶಾಲೆಯ ಕನ್ನಡವನ್ನು ಚೆನ್ನಾಗಿ ಬರೆಯಲಾರದ ಹುಡುಗಿಗೆ ಪರೀಕ್ಷೆಯಲ್ಲಿಯೂ ಮುಂದೆ ಉದ್ಯೋಗದಲ್ಲಿಯೂ ನಷ್ಟವುಂಟು. ಅದನ್ನು ಅವಳಿಗೆ ಕೊಡದಿರುವದು ದಯೆಯಲ್ಲ. ಆದರೆ ತಿದ್ದುವ ಕ್ರಮವು ಎರಡು ಬಗೆ. ಹತ್ತು ಸಾರಿ ಬರೆಯಿಸುವದು ಒಂದು. “ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಹೇಳುತ್ತೀರಿ?” ಎಂದು ಕೇಳಿ, ಎರಡು ವಾಕ್ಯಗಳನ್ನೂ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ಭೇದವನ್ನು ಅವಳಿಂದಲೇ ಹೇಳಿಸುವದು ಮತ್ತೊಂದು. ಎರಡನೆಯದರಲ್ಲಿ ತಪ್ಪು ತಿದ್ದಿಹೋಗುವದು, ಹುಡುಗಿಯ ಬಾಯಿ ಮುಚ್ಚುವದಿಲ್ಲ. ಉಳಿದ ಮಕ್ಕಳಿಗೂ ಒಂದು ಪಾಠ ಹೆಚ್ಚಾಗಿ ದೊರೆಯುವದು. ಮನೆಯ ನುಡಿಯನ್ನು ಮಕ್ಕಳ ಮುಂದೆ ಹಗುರಾಗಿ ಕಾಣಬೇಡಿರಿ. ಶಾಲೆಯ ಕನ್ನಡವು ಬರಲೆಂದು ಮನೆಯಲ್ಲಿ ತೆಲುಗನ್ನೋ ಲಂಬಾಣಿಯನ್ನೋ ನಿಲ್ಲಿಸುವದು, ಹೊಸ ಕೋಣೆಯನ್ನು ಕಟ್ಟಲಿಕ್ಕೆ ಹಳೆಯ ಗೋಡೆಯನ್ನು ಕೆಡವಿದಂತೆ.

ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಶಾಲೆಗಳಲ್ಲಿ ಶಿಕ್ಷಕಿಯರಾಗಿರುವರು. ಅವರ ತರಗತಿಯಲ್ಲಿ ಒಂದು ದಿನ ಒಬ್ಬ ಹುಡುಗಿಯು ಎದ್ದು ನಿಂತು “ಅಕ್ಕ ಬಂತು” ಎನ್ನುವಳು. ಅಂದು ತರಗತಿಯು ನಗದಂತೆ ನೋಡಿಕೊಂಡು, ಆ ಅಕ್ಕನು ಊರಿಂದ ಏನೇನು ತಂದಳೆಂಬ ಮುಂ‌ದಿನ ಸುದ್ದಿಯನ್ನು ಅವಳ ಬಾಯಿಂದಲೇ ಕೇಳಬೇಕೆಂದು ಅವರನ್ನು ಬೇಡಿಕೊಳ್ಳುತ್ತೇವೆ. ನಾವು ಅದನ್ನು ಕೇಳದೆ ಹೋದೆವು.